ಓದಿ ಹೇಳುವ ಪ್ಯಾಕೇಜಿಗೆ ಒಬ್ಬ ಆಳು ಬೇಕು

ಶನಿವಾರ, ಮಧ್ಯಾಹ್ನ
(ತಿಂಗಳು ಮುಗಿಯಲು ಇನ್ನೊಂದೇ ವಾರ)

ಔಷಧಿ ಅಂಗಡಿಯ ಮಹಾರಾಯನಿಗೆ ಅಜ್ಜಿಯ ಆಶೀರ್ವಾದ. ಆಶೀರ್ವಾದವನ್ನು ಮೊದಲೇ ಮಾಡಿಬಿಟ್ಟೆ, ಆಮೇಲೆ ಮನಸ್ಸು ಬರುತ್ತದೋ ಇಲ್ಲವೋ.

ಅಲ್ಲಪ್ಪಾ, ಮುಖ ಊದಿಸಿಕೊಂಡು ಕೂರುವುದಕ್ಕೂ ಒಂದು ಮಿತಿ ಬೇಡವೇ? ಮೀಸೆ ಬಂದ ಗಂಡಸು, ಊರವರ ಜ್ವರ ಕೆಮ್ಮಿಗೆಲ್ಲ ಮಾತ್ರೆ ಕೊಡುವವನು, ಒಂದು ಹುಡುಗಿ ನಾಲ್ಕು ತಪ್ಪು ತೋರಿಸಿದಳೆಂದು ಬಾಲ ಮುದುರಿಕೊಂಡು ಓಡಿಹೋಗುವುದೇ? ಈ ಕಾಗದವನ್ನು ಕೌಂಟರಿನ ಮೇಲಿಟ್ಟು ಆಮೇಲೆ ಓದುತ್ತೇನೆ ಅನ್ನಬೇಡ. ಗಿರಾಕಿ ಕಾಯಲಿ. ನಿಂತೇ ಓದು.

ನಾನು ಯಾರೆಂದು ಗೊತ್ತಾಗಿರಬೇಕು. ಸೂಜಿಯ ಅಜ್ಜಿ. ನನ್ನ ಮೊಮ್ಮಗಳನ್ನು ನಾನು ಕರೆಯುವುದೇ ಹಾಗೆ, ಚುಚ್ಚದೆ ಅವಳಿಗೆ ಹೊಲಿಯಲು ಬರುವುದಿಲ್ಲ. ಪುಕ್ಕಟೆ ಪ್ರೋಗ್ರಾಮು ಹಂಚುವ ನಿಮ್ಮ ಕಂಪ್ಯೂಟರ್ ಕೂಟದಲ್ಲಿ ಒಂದು ಕಟ್ಟಳೆ ಇದೆಯಲ್ಲ, ಹೊಸಬನು ಹಳಬರೊಬ್ಬರನ್ನು ಮುಖತಃ ಕಂಡು ಫೋಟೋ ಇರುವ ಕಾರ್ಡು ತೋರಿಸಬೇಕು, ಆಮೇಲೆಯೇ ಅವನು ಕಳಿಸಿದ್ದನ್ನು ನಂಬುವುದು ಅಂತ. ಅದಕ್ಕೆಂದೇ ನೀನು ಬಸ್ಸು ಹಿಡಿದು ನಮ್ಮ ಮನೆಗೆ ಬಂದಿದ್ದೆ. ಅಡಿಗೆಮನೆಯ ಮೇಜಿನ ಆಚೆ ಈಚೆ ಕೂತು ನೀನು ಅವಳ ಕಾರ್ಡು, ಅವಳು ನಿನ್ನ ಕಾರ್ಡು ನೋಡಿದ್ದೇ ನೋಡಿದ್ದು. ಅವಳು ಫೋಟೋ ನೋಡುತ್ತಾಳೆ, ನಿನ್ನನ್ನು ನೋಡುತ್ತಾಳೆ, ಮತ್ತೆ ಫೋಟೋ. ನನಗೆ ತಡೆಯಲಾಗದೆ, “ಮೂಗು ಅವನದೇ ಕಣೇ, ಬಿಡು” ಅಂದೆ. ನೀನು ಚಹಾ ಉಗುಳಿಕೊಂಡು ನಕ್ಕೆ. ನನ್ನ ಮಂಡಿಗೆಂದು ಕೊಟ್ಟ ಮುಲಾಮಿನ ಕವರಿನ ಮೇಲೆ ನಿನ್ನ ಅಂಗಡಿಯ ವಿಳಾಸ ಅಚ್ಚಾಗಿತ್ತು. ಅದನ್ನೇ ನೋಡಿ ಈ ಕಾಗದ ಹಾಕುತ್ತಿದ್ದೇನೆ.

ತಡಿ, ಬಾಗಿಲು ಸದ್ದಾಯಿತು. ಅವಳು ಬಂದಳೇನೋ ಅಂದುಕೊಂಡೆ. ಪಕ್ಕದ ಮನೆಯವರ ಬಾಗಿಲು. ಈ ಕಾಗದದ ವಿಷಯ ಅವಳಿಗೆ ಗೊತ್ತಿಲ್ಲ, ಗೊತ್ತಾಗಲೂ ಕೂಡದು.

ವಿಷಯಕ್ಕೆ ಬರುತ್ತೇನೆ. ಅವಳ ಬಲಗೈ ಮಣಿಕಟ್ಟಿಗೆ ಒಂದು ಚಿಕ್ಕ ಆಪರೇಷನ್ ಆಯಿತು. ಹಗಲೂ ರಾತ್ರಿ ಆ ಕೀಲಿಮಣೆ ಕುಟ್ಟಿದರೆ ಇನ್ನೇನಾಗುತ್ತದೆ? ಈಗ ಕೈಗೆ ಪಟ್ಟಿ ಕಟ್ಟಿಕೊಂಡು ಮನೆಯೆಲ್ಲ ಸುತ್ತುತ್ತಾಳೆ. ಕಿಟಕಿ ತೆಗೆಯುತ್ತಾಳೆ, ಹಾಕುತ್ತಾಳೆ. ಕಂಪ್ಯೂಟರಿನ ಮುಂದೆ ಕೂತು ಎಡಗೈಯಲ್ಲಿ ಎರಡಕ್ಷರ ಒತ್ತಿ, ಥೂ ಅಂದು ಎದ್ದುಬಿಡುತ್ತಾಳೆ. ಅವಳ ಹಿಂದೆ ನನ್ನ ಕಣ್ಣು ಸುತ್ತಿ ಸುತ್ತಿ ನನಗೂ ತಲೆ ತಿರುಗುತ್ತಿದೆ.

ಪ್ಯಾಕೇಜು ಅಂದರೇನೆಂದು ಅವಳು ನನಗೆ ಹೇಳಿಕೊಟ್ಟಿದ್ದಾಳೆ. ಯಾರೋ ಪ್ರೋಗ್ರಾಮು ಬರೆದು ಬಿಟ್ಟಿರುತ್ತಾರೆ. ಅದನ್ನು ಎಲ್ಲರ ಕಂಪ್ಯೂಟರಿನಲ್ಲೂ ಸರಿಯಾಗಿ ಕೂರುವ ಹಾಗೆ ಕಟ್ಟಿ, ಹರಿದಲ್ಲಿ ತೇಪೆ ಹಾಕಿ, ಕೆಟ್ಟರೆ ನೋಡಿಕೊಳ್ಳುವವರು ಒಬ್ಬರು ಬೇಕು. ಸಂಬಳ ಇಲ್ಲ, ಸಾರೋಟೂ ಇಲ್ಲ. ಬೀದಿಯ ನಲ್ಲಿ ಇದ್ದ ಹಾಗೆ. ನೀರು ಹಿಡಿಯುವವರು ಬೀದಿ ತುಂಬ, ವಾಷರ್ ಬದಲಾಯಿಸುವವರು ಮಾತ್ರ ಯಾರೂ ಇಲ್ಲ. ಬೆಕ್ಕಿಗೆ ಗಂಟೆ ಕಟ್ಟಬೇಕೆಂದು ಎಲ್ಲ ಇಲಿಗಳೂ ಒಪ್ಪಿದವಲ್ಲ, ಅದೇ ಕಥೆ.

ಕೈ ಬಿದ್ದ ಮೇಲೆ ಅವಳು ಒಂದು ಪ್ರಕಟಣೆ ಹಾಕಿದಳು, ಸ್ವಯಂಸೇವಕರು ಬೇಕಾಗಿದ್ದಾರೆ ಅಂತ. ನನಗೆ ಓದಿ ಹೇಳಿದಳು. ಹೀಗೆ ಮಾಡತಕ್ಕದ್ದು, ಹಾಗೆ ಮಾಡಕೂಡದು, ಇಷ್ಟು ಓದಿಕೊಂಡೇ ಬರತಕ್ಕದ್ದು. “ಇದು ಜನರನ್ನ ಕರೆಯೋ ಮಾತೋ, ಜೈಲಿನ ಗೋಡೆ ಮೇಲಿನ ಬೋರ್ಡೋ?” ಅಂದೆ. ಅವಳಿಗೆ ಸಿಟ್ಟು ಬಂತು. ಒಂದು ನರಪಿಳ್ಳೆಯೂ ಬರಲಿಲ್ಲ. ಕೂಟದ ಉಳಿದವರನ್ನು ಕೇಳಿದರೆ ಅವರವರ ಹೊರೆಯೇ ಅವರ ಕತ್ತು ಮುರಿಯುತ್ತಿದೆಯಂತೆ.

ಅವಳು ನೋಡಿಕೊಳ್ಳುವ ಮಿಕ್ಕ ಪ್ಯಾಕೇಜುಗಳು ಹಾಳಾಗಿ ಹೋಗಲಿ. ತೆರೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುತ್ತದಲ್ಲ, ಅದೊಂದಿದೆ. ಬರುವ ತಿಂಗಳು ಎಲ್ಲ ಪ್ಯಾಕೇಜು ಸೇರಿಸಿ ಹೊಸ ಕಂತೆ ಬಿಡುತ್ತಾರಂತೆ, ದಿಕ್ಕಿಲ್ಲದ ಪ್ಯಾಕೇಜುಗಳನ್ನು ಅಷ್ಟರೊಳಗೆ ಕಿತ್ತುಹಾಕುತ್ತಾರಂತೆ. ಕಿತ್ತರೆ ಯಾರಿಗೆ ಪೆಟ್ಟು ಎಂದು ನಾನು ನಿನಗೆ ಹೇಳಬೇಕೇ? ಕಣ್ಣು ಹೋದ ಮೇಲೆ ನಿನ್ನ ಅಕ್ಕ ಪೇಪರು ಕೇಳುವುದು, ಶಾಲೆಯ ಮಕ್ಕಳ ಉತ್ತರ ತಿದ್ದುವುದು ಎಲ್ಲ ಅದರಿಂದಲೇ ಎಂದು ನಮ್ಮ ಮೇಜಿನ ಮುಂದೆ ಕೂತು ಹೇಳಿದವನು ನೀನೇ. ಅದಕ್ಕೇ ಈ ಕೆಲಸಕ್ಕೆ ಬಂದೆ ಅಂದಿದ್ದೆ. ಅಕ್ಕನಿಗಿಂತ ನಿನ್ನ ಮೂಗಿನ ತುದಿಯ ಸಿಟ್ಟು ದೊಡ್ಡದಾಯಿತೇ?

ಸರಿ, ನಿನ್ನ ಕಡೆಯದನ್ನೂ ಹೇಳುತ್ತೇನೆ. ನೀನು ಮೊದಲ ಸಲ ಕಟ್ಟಿ ಕಳಿಸಿದ್ದನ್ನು ಅವಳು ಮೊಳದುದ್ದ ತಪ್ಪು ಬರೆದು ವಾಪಸ್ಸು ಮಾಡಿದಳು. ಒಂದು ಒಳ್ಳೆಯ ಮಾತಿಲ್ಲ. ನಿನಗಿಂತ ಮುಂಚೆ ಬಂದ ಒಬ್ಬ ಬಸ್ ಡ್ರೈವರೂ ಹೀಗೇ ಓಡಿಹೋದ. ನಾನು ಅವಳಿಗೆ ಬುದ್ಧಿ ಹೇಳಲು ಹೋದೆ, ನನ್ನ ಹತ್ತಿರ ಹೊಲಿಗೆ ಕಲಿಯಲು ಬಂದವಳಿಗೆ ಮೊದಲ ದಿನವೇ ಎಲ್ಲ ಬಿಚ್ಚಿಸಿದರೆ ನಾಳೆ ಬರುತ್ತಾಳೇನೆ ಎಂದು. ಅವಳು ಸೊಂಟಕ್ಕೆ ಎಡಗೈ ಇಟ್ಟು, “ಅಜ್ಜಿ, ನಿನ್ನ ಹೊಲಿಗೆ ಬಿಚ್ಚಿದ್ರೆ ಒಬ್ಬಳ ರವಿಕೆ ಬಿಚ್ಚತ್ತೆ. ನಮ್ದು ಬಿಚ್ಚಿದ್ರೆ ಊರೂರೇ ಮೂಕಾಗತ್ತೆ” ಅಂದಳು.

ಆಗ ನಿನ್ನ ಮಾತೇ ನೆನಪಾಯಿತು. ಒಬ್ಬ ಡಾಕ್ಟರು ಮಗುವಿನ ಔಷಧಿಯ ಅಳತೆ ತಪ್ಪು ಬರೆದಿದ್ದರು, ನೀನು ಚೀಟಿ ವಾಪಸ್ಸು ಕಳಿಸಿದೆ, ಅವರು ಫೋನಿನಲ್ಲಿ ರೇಗಿದರೂ ತಿದ್ದುವ ತನಕ ಸೀಸೆ ಕೊಡಲಿಲ್ಲ ಅಂದಿದ್ದೆ. ಎದೆ ಉಬ್ಬಿಸಿಯೇ ಹೇಳಿದ್ದೆ. ಆ ಡಾಕ್ಟರು ನಿನ್ನ ಹಾಗೆ ಮುನಿಸಿಕೊಂಡು ದವಾಖಾನೆಗೆ ಬೀಗ ಹಾಕಿದ್ದರೆ ಏನನ್ನುತ್ತಿದ್ದೆ? ನೀನು ಮಾಡಿದರೆ ಜವಾಬ್ದಾರಿ, ಅವಳು ಮಾಡಿದರೆ ಜಂಬವೇ?

ನೀನು ಅವಳನ್ನು ಕ್ಷಮಿಸಬೇಕಾಗಿಲ್ಲ. ಫೋನ್ ಮಾಡು, ಪ್ಯಾಕೇಜು ನಾನು ನೋಡಿಕೊಳ್ಳುತ್ತೇನೆ ಅನ್ನು, ಅಷ್ಟೇ. ಅವಳು ಬಾಯಲ್ಲಿ ಹೇಳುತ್ತಾಳೆ, ನೀನು ಕೈಯಲ್ಲಿ ಮಾಡು. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಒಂದು ತಪ್ಪು ತೋರಿಸಿದರೆ ತಿದ್ದುವ ದಾರಿಯನ್ನೂ ಅವಳು ಅಲ್ಲೇ ಹೇಳಬೇಕು. ಬರೀ ಚುಚ್ಚಿದಳೋ, ಫೋನು ನಾನು ಕಸಿದುಕೊಳ್ಳುತ್ತೇನೆ. ಒಂದೇ ಕೈಯವಳ ಹತ್ತಿರ ಕಸಿದುಕೊಳ್ಳುವ ಶಕ್ತಿ ನನಗಿನ್ನೂ ಇದೆ.

ಅವಳು ನಿನ್ನನ್ನು ಹೊಗಳಿದಳು ಎಂದು ಸುಳ್ಳು ಬರೆಯಲು ಹೋಗಿ ಬಿಟ್ಟೆ. ಅವಳು ಹೊಗಳಿಲ್ಲ. ಬೇರೆ ಪ್ಯಾಕೇಜಿಗೆ ಕೂಟದ ಇನ್ಯಾರೋ ಕಳಿಸಿದ್ದನ್ನು ನೋಡಿ ಮೊನ್ನೆ, “ಆ ಮಾತ್ರೆಯವನು ಇದಕ್ಕಿಂತ ವಾಸಿ ಇದ್ದ” ಅಂದಳು. ಅವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಹಾರ ಯಾರ ಕೊರಳಿಗೂ ಬಿದ್ದದ್ದಿಲ್ಲ.

ಇಂತಿ,
ಬೈಯಲು ಹಕ್ಕಿಲ್ಲದಿದ್ದರೂ ಬೈದ,
ಸೂಜಿಯ ಅಜ್ಜಿ

ಮತ್ತೊಂದು ಮಾತು: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ಚಿಕ್ಕ ಆಪರೇಷನ್ ಎಂದು ಮೇಲೆ ಬರೆದಿದ್ದೇನೆ. ಅವಳು ಕೂಟದವರಿಗೂ ಹಾಗೇ ಹೇಳಿದ್ದಾಳೆ, ಸ್ವಲ್ಪ ದಿನ ರಜೆ ಅಂತ. ಡಾಕ್ಟರು ಹಾಗೆ ಹೇಳಲಿಲ್ಲ. ಬೆರಳುಗಳು ಮೊದಲಿನ ಹಾಗೆ ಆಡುವುದು ಅನುಮಾನ ಅಂದರು, ಅವಳ ಎದುರಿಗೇ ಅಂದರು. ಹಾಗಾಗಿ ನಾನು ಕೇಳುತ್ತಿರುವುದು ನಾಲ್ಕು ದಿನದ ಕೈಸಹಾಯವಲ್ಲ ಮಗನೇ. ಅವಳ ಕೈಯಲ್ಲಿದ್ದದ್ದೆಲ್ಲ ನಿನ್ನ ಕೈಗೆ ಬರಬೇಕು. ಅವಳ ನಾಲಿಗೆಗೆ ಏನೂ ಆಗಿಲ್ಲ, ಅದು ನಿನಗೂ ಗೊತ್ತು. ಬರುವ ತಿಂಗಳು ಹುಟ್ಟುವ ಮುಂಚೆ ಫೋನ್ ಮಾಡು, ಈ ಕಾಗದದ ಮಾತು ಮಾತ್ರ ಎತ್ತಬೇಡ.