ರೋಲರ್ ತಂದ ಸುಳ್ಳು ಮಳೆ

ಮಾರ್ಚ್ ೧೪, ಗುರುವಾರ

ಇವತ್ತಿನ ತಲೆನೋವು ರೋಡ್ ರೋಲರ್. ನಾನು ಅಧ್ಯಯನ ಮಾಡುತ್ತಿರುವ ಬಿಲಗಪ್ಪೆಗಳು ವರ್ಷವೆಲ್ಲ ಮಣ್ಣೊಳಗೆ ಮಲಗಿದ್ದು, ಮಳೆ ನೆಲಕ್ಕೆ ಬಡಿಯುವ ಕಂಪನಕ್ಕೆ ಮೇಲೆ ಬರುತ್ತವೆ. ಇವತ್ತು ರೋಲರನ್ನೇ ಮಳೆಯೆಂದು ನಂಬಿ ಸುಡುಬಿಸಿಲಿಗೆ ಬಂದುಬಿಟ್ಟವು. ಈ ಜಾತಿ ಉಳಿದಿರುವುದೇ ಈಗ ರಸ್ತೆ ಹಾಕುತ್ತಿರುವ ಆ ಒಂದು ಬಯಲಲ್ಲಿ.

"ಕಪ್ಪೆಗೋಸ್ಕರ ರಸ್ತೆ ನಿಲ್ಲಿಸ್ಲಾ ಮೇಡಂ?" ಎಂದ ಡ್ರೈವರ್. ಒಣಗಿ ಸತ್ತ ಒಂದನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಇಂಜಿನ್ ಆಫ್ ಮಾಡಿದ. ಇವತ್ತಿನ ಮಟ್ಟಿಗೆ.

ಬದುಕಿದ್ದ ಕಪ್ಪೆಗಳನ್ನು ಒದ್ದೆ ಮಣ್ಣಿನ ಬಕೆಟ್ಟಿಗೆ ಹಾಕಿ ಮನೆಗೆ ತಂದು ಬಚ್ಚಲಲ್ಲಿಟ್ಟೆ. ಹಿಂಗಾಲಲ್ಲಿ ಅಗೆಯುತ್ತ, ಹಿಂದಹಿಂದಕ್ಕೆ ಸರಿದು ಮುಳುಗಿದವು.

"ಇನ್ನು ಸ್ನಾನಕ್ಕೂ ಇವುಗಳ ಅಪ್ಪಣೆ ಕೇಳ್ಬೇಕಾ?" ಎಂದು ಗೊಣಗಿದರು ಅತ್ತೆ.

ನಗುತ್ತ ಬರೆಯಲು ಕೂತೆ. ಈಗ ಬಚ್ಚಲಲ್ಲಿ ಗಡಗಡ ಸದ್ದು. ಅತ್ತೆ ವಾಷಿಂಗ್ ಮಷೀನ್ ಹಾಕಿದ್ದಾರೆ. ಅಯ್ಯೋ, ಬಕೆಟ್ಟಿಟ್ಟಿದ್ದು ಅದಕ್ಕೆ ತಾಗಿಸಿಯೇ. ಮತ್ತೆ ಮಳೆ ಬಂತೆಂದು—