ಬಾಯೊಳಗಿನ ದಾರಿ

೩ ಫೆಬ್ರವರಿ ೧೯೮೪, ಆದೋನಿ
ಇವತ್ತೂ ಕೈಯಿಂದ ಸೀಮೆಸುಣ್ಣ ಬಿತ್ತು. ಮೂರನೇ ಕ್ಲಾಸಿನ ಮಕ್ಕಳು ನಕ್ಕರು. ನಾನೂ ನಕ್ಕೆ. ಮನೆಗೆ ಬಂದರೆ ಸೀರೆಯ ನೆರಿಗೆ ಹಿಡಿಯಲೂ ಬೆರಳು ಒಪ್ಪಲಿಲ್ಲ. ಅತ್ತೆ ನೋಡಿದರು. "ಸೋಗು ಬ್ಯಾಡ," ಅಂದರು.

೧೯ ಫೆಬ್ರವರಿ, ಹೈದರಾಬಾದು
ಎಕ್ಸ್‌ರೇ ಆಯಿತು. ತಲೆಬುರುಡೆಯ ಬುಡದಲ್ಲಿ, ಕತ್ತಿನೊಳಗೆ, ಹಲ್ಲಿನಂಥ ಒಂದು ಎಲುಬು. ಅದು ಜಾರಿ ಬೆನ್ನುಹುರಿಯನ್ನು ಒತ್ತುತ್ತಿದೆಯಂತೆ. ಬಿಟ್ಟರೆ ಕೈಕಾಲು ಹೋಗುತ್ತವೆ. ಆಮೇಲೆ ಉಸಿರೂ...
ಡಾಕ್ಟರು ತೆಲುಗಿನಲ್ಲೇ ಹೇಳಿದರು — ಹಿಂದಿನಿಂದ ಹೋದರೆ ಅದು ಸಿಗುವುದಿಲ್ಲ, ಬಾಯೊಳಗಿಂದ ಹೋಗಬೇಕು.
ಪಕ್ಕದಲ್ಲಿದ್ದ ನಮ್ಮ ಯಜಮಾನರು ಎದ್ದು ನಿಂತರು. "ಬಾಯಾಗ ಕತ್ತರಿ ಹಾಕ್ತಾರಂತ! ನಡಿ, ಊರಿಗೆ ಹೋಗೋಣು."
ನಾನು ಏಳಲಿಲ್ಲ. ಏಳಲು ಆಗಲೂ ಇಲ್ಲ.

೨೧ ಫೆಬ್ರವರಿ
ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಇವರು ಇನ್ನೂ ಸಹಿ ಹಾಕಿಲ್ಲ.
"ನಿನ್ನ ಮಾತು ಹೋದ್ರ?"
"ಮಾತು ಹೋದ್ರ ಬರದು ಪಾಠ ಹೇಳ್ತೀನಿ. ಕೈನೂ ಹೋದ್ರ?"
ಅಷ್ಟರಲ್ಲಿ ವಾರ್ಡಿನ ಬಾಗಿಲಲ್ಲಿ ಅತ್ತೆ! ಒಬ್ಬರೇ ರೈಲು ಹತ್ತಿ ಬಂದಿದ್ದಾರೆ. ಮಡಿ ಮೈಲಿಗೆ ಅನ್ನದೆ ನನ್ನ ಮಂಚದ ಮೇಲೇ ಕೂತರು. ಎಲ್ಲ ಕೇಳಿಸಿಕೊಂಡು ಮಗನಿಗೆ ಅಂದರು, "ಆಕಿ ಹೂಂ ಅಂದಾಳ. ನೀ ಯಾಕ ಅಂಜ್ತೀ? ಹಾಕು ಸಹಿ."

೨೮ ಫೆಬ್ರವರಿ
ತಲೆಯ ಎರಡೂ ಪಕ್ಕ ಕಬ್ಬಿಣದ ಕೊಂಡಿ. ಹಿಂದೆ ತೂಕ ನೇತುಬಿಟ್ಟಿದ್ದಾರೆ, ಕತ್ತು ಅಲುಗದಿರಲೆಂದು. ಮಲಗಿಯೇ ಬರೆಯುವುದು. ಸಾಲೆಲ್ಲ ಡೊಂಕು.
ನಾಳೆ ಆಪರೇಷನ್. ಅತ್ತೆ ನನ್ನ ಕೈ ಹಿಡಿದರು. "ಅವತ್ತು ಏನರೆ ಅಂದೆ ನೋಡು... ಮನಸಿನಾಗ ಇಟ್ಕೋಬ್ಯಾಡ."
ನಾನೂ ಹಿಡಿದೆ, ಆದಷ್ಟು.

೧೨ ಮಾರ್ಚ್
ಬದುಕಿದ್ದೇನೆ.
ಗಂಟಲಿಗೆ ತೂತು, ಅದರಲ್ಲೊಂದು ನಳಿಕೆ. ಉಸಿರು ಅಲ್ಲಿಂದ. ಮೂಗಿನ ನಳಿಕೆಯಲ್ಲಿ ಹಾಲು. ಮಾತಿಲ್ಲ. ಆದರೆ ಪೆನ್ನು ಬೆರಳಲ್ಲಿ ನಿಲ್ಲುತ್ತಿದೆ!
ಕತ್ತಿನ ಎಲುಬು ಕೂಡಿಸಲು ಹಿಂದಿನಿಂದ ಇನ್ನೊಂದು ಆಪರೇಷನ್ ಬಾಕಿ. ಆಗಲಿ.

೧೭ ಮಾರ್ಚ್
ಉಸಿರು ಬಾಯಿಯ ಕಡೆ ಏರಲೆಂದು ಡಾಕ್ಟರು ಗಂಟಲಿನ ನಳಿಕೆಗೆ ಬೆರಳಿಟ್ಟು ಮುಚ್ಚಿದರು. ಈಗ ಮಾತಾಡಮ್ಮ, ನಿಮ್ಮ ಯಜಮಾನರ ಹೆಸರು ಹೇಳು, ಅಂದರು.
ಮದುವೆಯಾದಾಗಿನಿಂದ ಆ ಹೆಸರು ಬಾಯಲ್ಲಿ ಬಂದಿಲ್ಲ. ಅತ್ತೆಯ ಮುಖ ನೋಡಿದೆ.
"ಹೇಳಮ್ಮ ಕಾವೇರಿ, ನನ್ನ ಮಗನ ಹೆಸರು ಹೇಳು. ಪಾಪ ಬಂದ್ರ ನನಗ ಬರಲಿ."
"ವಿಠ್ಠಲ," ಅಂದೆ. ಒಡಕು ದನಿ. ಆದರೂ ನನ್ನದೇ.
ಇವರು ಗೋಡೆಯ ಕಡೆ ತಿರುಗಿಕೊಂಡರು. ಭುಜ ಅಲುಗುತ್ತಿತ್ತು.
"ಅವಗ ಕೇಳಿಸಿಲ್ಲ ಕಾಣ್ತದ. ಇನ್ನೊಮ್ಮೆ ಹೇಳು," ಅಂದರು ಅತ್ತೆ.
ಈ ಸಲ ಬೆರಳು ನಾನೇ ಇಟ್ಟುಕೊಂಡು —