ಮೆಷಿನ್ ಕಾಲಿಗೆ ಕಟ್ಟಿದ ಟೆಂಟು

ಫೆಬ್ರವರಿ 3, ಸೋಮವಾರ

ಇವತ್ತೂ ಹೆಮ್ಮಿಂಗೇ, ಟೆಂಟುಗಳ ಅಂಚು ಮಡಿಚಿ ಹೊಲಿಯುವುದು. ಸಂಜೆ ಐದಕ್ಕೆ ಮಾತ್ರ ನನ್ನ ಟೆಂಟಿನ ಪರೀಕ್ಷೆ. ಅಳತೆ ನನ್ನದು, ಹೊಲಿಗೆ ನನ್ನದು, ಜಿಪ್ಪು ಪಕ್ಕದ ಮೆಷಿನ್ನಿನಲ್ಲಿ ಕೂರುವ ನನ್ನ ಚಿಕ್ಕಮ್ಮನದು. ಅಂಗಡಿಯ ಪದ್ಧತಿಯಂತೆ ಸಿಮೆಂಟ್ ನೆಲದ ಮೇಲೆ ಬಿಡಿಸಿ, ನಾಲ್ಕು ಹಗ್ಗಗಳನ್ನು ನಾಲ್ಕು ಹೊಲಿಗೆ ಮೆಷಿನ್‌ಗಳ ಕಾಲಿಗೆ ಕಟ್ಟಿದೆವು. ಮಾಲೀಕರು ದೊಡ್ಡ ಫ್ಯಾನ್ ಹಾಕಿಸಿದರು. ಟೆಂಟು ಮಿಸುಕಲಿಲ್ಲ.

"ಪಾಸು," ಅಂದರು. "ಈಗ ಕಡಲ ದಂಡೆಗೆ ತಗೊಂಡು ಹೋಗಿ ಎರಡು ರಾತ್ರಿ ಮಲಗಿ ಬಾ. ಮೂರನೇ ದಿನ ನಡಿಗೆ ಕ್ಲಬ್ಬಿನ ಮೇಡಂ ಅಲ್ಲಿಗೇ ಬರ್ತಾರೆ. ಅವರಿಗೆ ಹಿಡಿಸಿದ್ರೆ ಹನ್ನೆರಡು ಟೆಂಟಿನ ಆರ್ಡರು, ನೀನು ಕಟಿಂಗ್ ಟೇಬಲ್‌ಗೆ. ಇಲ್ಲಾಂದ್ರೆ ಮತ್ತೆ ಹೆಮ್ಮಿಂಗು."

ಹೂಂ ಅಂದೆ. ಆರು ವರ್ಷದಿಂದ ಅವರ ಮುಂದೆ ನನ್ನ ಬಾಯಿಂದ ಬಂದಿರುವುದು ಅದೊಂದೇ. ಮೇಡಂ ಜೊತೆ ಏನು ಮಾತಾಡಲಿ? ಐದನೇ ಕ್ಲಾಸಿಗೆ ಬಿಟ್ಟವಳು ನಾನು...

"ನಾನಿಲ್ವಾ?" ಅಂದಳು ಚಿಕ್ಕಮ್ಮ. "ಮಾತು ನಂದು. ನೀನು ಪಕ್ಕದಲ್ಲಿ ನಿಂತು ತಲೆ ಆಡ್ಸು, ಸಾಕು."

ಹೋಗುವಾಗ ಕಪಾಟು ಕಣ್ಣಿಗೆ ಬಿತ್ತು. ಗಿರಾಕಿಗಳು ವಾಪಸು ಕಳಿಸಿದ ಟೆಂಟುಗಳು. ಎಲ್ಲದಕ್ಕೂ ಚೀಟಿ— ಗಾಳಿಗೆ ಹಾರಿತು, ಗಾಳಿಗೆ ಹಾರಿತು. ಮಾಲೀಕರು ಓದಿ ನಗುತ್ತಾರೆ. "ಕಟ್ಟೋಕೆ ಬರಲ್ಲ ಇವರಿಗೆ."

ಫೆಬ್ರವರಿ 8, ಶನಿವಾರ. ಮಧ್ಯಾಹ್ನ

ಬಸ್ಸು ಟಾರು ರಸ್ತೆ ಮುಗಿದಲ್ಲಿ ಇಳಿಸಿ ಹೋಯಿತು. ಆಮೇಲೆ ಮೂರು ತಾಸು ಕಾಲುದಾರಿ. ಒಂದು ಮನೆಯಿಲ್ಲ, ಒಂದು ನಾಯಿಯಿಲ್ಲ. ಚಿಕ್ಕಮ್ಮ ಚಪ್ಪಲಿ ಕೈಯಲ್ಲಿ ಹಿಡಿದು, ದಾರಿಯುದ್ದಕ್ಕೂ ಮೇಡಂಗೆ ಹೇಳಬೇಕಾದದ್ದನ್ನು ಕಲ್ಲುಬಂಡೆಗಳಿಗೆ ಹೇಳುತ್ತಾ ಬಂದಳು. ಬಂಡೆಗಳು ಒಪ್ಪಿವೆ.

ಗುಡ್ಡ ಹತ್ತಿದರೆ ಕಡಲು. ಇಬ್ಬರೂ ಚೀಲ ಕೆಳಗಿಟ್ಟು ನೋಡಿದೆವು. ಚಿಕ್ಕಮ್ಮ ಅದಕ್ಕೂ ಹೇಳತೊಡಗಿದಳು. ಕಡಲು ಇನ್ನೂ ಒಪ್ಪಿಲ್ಲ.

ಇಷ್ಟು ಟೆಂಟು ಹೊಲಿದಿದ್ದೇನೆ, ಒಂದರೊಳಗೂ ಮಲಗಿಲ್ಲ. ಇವತ್ತು ಮಲಗುತ್ತೇನೆ.

ಅದೇ ದಿನ, ಸಂಜೆ

ಮಲಗುವುದಿಲ್ಲ.

ಮರಳಿನಲ್ಲಿ ಗೂಟ ಎಷ್ಟು ಸಲೀಸಾಗಿ ಇಳಿಯಿತೆಂದರೆ, ಖುಷಿಪಟ್ಟೆ. ಪಡಬಾರದಿತ್ತು. ಇಳಿದಷ್ಟೇ ಸಲೀಸಾಗಿ ಎದ್ದು ಬಂತು. ಒಂದು ಗಾಳಿ, ಅಷ್ಟೇ— ನಾಲ್ಕೂ ಗೂಟ ಕಿತ್ತುಕೊಂಡು ಟೆಂಟು ದಂಡೆಯುದ್ದಕ್ಕೂ ಉರುಳಿಕೊಂಡು ಹೊರಟಿತು. ಹಿಂದೆ ಚಿಕ್ಕಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ.

"ಹಿಡೀರಪ್ಪೋ! ನಮ್ಮ ಮನೆ ಓಡ್ತಿದೆ! ನಿಲ್ಲೇ! ನಿಲ್ಲೇ ಅಂದ್ರೆ!"

ಕೇಳಿಸಿಕೊಳ್ಳಲು ಹಕ್ಕಿಗಳು ಮಾತ್ರ. ಬಹಳ ದೂರದ ಒಂದು ಮುಳ್ಳಿನ ಪೊದೆ ಅದನ್ನು ಹಿಡಿದುಕೊಟ್ಟಿತು. ಈಗ ಇಬ್ಬರೂ ಟೆಂಟನ್ನೇ ಹೊದ್ದು ಕೂತಿದ್ದೇವೆ. ನಗು ತಡೆಯಲಾಗುತ್ತಿಲ್ಲ. ಅಳುವೂ.

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ

ನಿನ್ನೆ ಕೂಗಿ ಕೂಗಿ ಚಿಕ್ಕಮ್ಮನ ಗಂಟಲು ಹೋಗಿದೆ. ಬಾಯಿ ತೆರೆದರೆ ಬರೀ ಗಾಳಿ. ಮೊದಲು ನಕ್ಕೆ. ಆಮೇಲೆ ಹೊಳೆಯಿತು— ನಾಳೆ ಮೇಡಂ. ಚಿಕ್ಕಮ್ಮ ತನ್ನ ಬಾಯಿ ತೋರಿಸಿ ಕೈ ಅಲ್ಲಾಡಿಸಿದಳು, ನನ್ನ ಬಾಯಿ ತೋರಿಸಿ ತಲೆ ಆಡಿಸಿದಳು— ಮಾತು ಇನ್ನು ನನ್ನದಂತೆ.

ಮಾತಿನ ಚಿಂತೆ ಆಮೇಲೆ. ಮೊದಲು ಟೆಂಟು. ಹೊಲಿಗೆ ಒಂದೂ ಬಿಟ್ಟಿಲ್ಲ. ಬಟ್ಟೆ ಹರಿದಿಲ್ಲ. ಅಂಗಡಿಯಲ್ಲಿ ನಿಂತದ್ದು ಇಲ್ಲೇಕೆ ನಿಲ್ಲಲಿಲ್ಲ?

ಹತ್ತು ಗಂಟೆ

ಥೂ! ಅಂಗಡಿಯಲ್ಲಿ ಹಗ್ಗ ಹಿಡಿದುಕೊಂಡದ್ದು ಗೂಟವಲ್ಲ, ಮೆಷಿನ್ನು. ಒಂದೊಂದನ್ನು ಎತ್ತಲು ಇಬ್ಬರು ಬೇಕು. ನಾವ್ಯಾರೂ ಇದುವರೆಗೆ ನೆಲದಲ್ಲಿ ಗೂಟ ಹೊಡೆದು ನೋಡಿಯೇ ಇಲ್ಲ. ಕಪಾಟಿನ ಚೀಟಿಗಳೆಲ್ಲ ನೆನಪಾದವು.

ಸರಿ, ಭಾರ ಬೇಕು. ಇಲ್ಲಿ ಭಾರ ಏನಿದೆ? ಮರಳು. ಬಟ್ಟೆ?

ಚಿಕ್ಕಮ್ಮನ ಚೀಲದಲ್ಲಿ ಒಂದು ಲಂಗ ಇದೆ.

ಸಂಜೆ ಐದೂವರೆ

"ಹೊಸದು ಕಣೇ..." ಚಿಕ್ಕಮ್ಮ ಉಸಿರಿನಲ್ಲೇ ಗೋಗರೆದಳು. ಕತ್ತರಿ ಆಗಲೇ ಹಾಕಿದ್ದೆ. ನಾಲ್ಕು ಚೀಲ, ಎರಡೆರಡು ಹೊಲಿಗೆ, ಕೈಯಲ್ಲೇ. ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಮುಳುಗುವಷ್ಟು ಆಳದಲ್ಲಿ ಹೂತೆವು. ಐದಕ್ಕೆ ನಿನ್ನೆಯದೇ ಗಾಳಿ ಬಂತು. ಹಗ್ಗ ಬಿಗಿಯಿತು, ಬಟ್ಟೆ ಉಬ್ಬಿತು. ಟೆಂಟು ನಿಂತಿತು!

ಚಿಕ್ಕಮ್ಮನಿಗೆ ಕೂಗಲಾಗಲಿಲ್ಲ. ಕುಣಿದಳು.

ಫೆಬ್ರವರಿ 10, ಸೋಮವಾರ

ಬೆಳಕು ಬಟ್ಟೆಯೊಳಗಿಂದ ಬಂತು. ನನ್ನ ಹೊಲಿಗೆಯನ್ನು ಒಳಗೆ ಮಲಗಿ ನೋಡಿದ್ದು ಇದೇ ಮೊದಲು. ಒಂದು ಕಡೆ ಸೊಟ್ಟ ಇದೆ. ಯಾರಿಗೂ ಹೇಳುವುದಿಲ್ಲ.

ಮೇಡಂ ಹನ್ನೊಂದಕ್ಕೆ ಬಂದರು. ಮೋಟು ಕೂದಲು, ಕೋಲು, ಮಂಡಿಯವರೆಗೆ ಮರಳು. ಹಗ್ಗ ಹಿಡಿದು ಜೋತುಬಿದ್ದೇ ನೋಡಿದರು.

"ಯಾರ ಕೈಕೆಲಸ ಇದು?"

ಚಿಕ್ಕಮ್ಮ ಚಿವುಟಿದಳು. "ನಂದು," ಅಂದೆ.

"ಗೂಟ ಎಲ್ಲಮ್ಮ?"

ಇದಕ್ಕೆ ಹೂಂ ಸಾಲದು. ಹಾರಿದ್ದನ್ನು ಮುಚ್ಚಿಡಬಹುದಿತ್ತು. ಆದರೆ ಚೀಲದ ಕಥೆ ಹೇಳಲು ಹೋದರೆ ಓಟದ ಕಥೆ ಬಂತು, ಅದರ ಹಿಂದೆ ಪೊದೆ, ಲಂಗ, ಮೆಷಿನ್ ಕಾಲು, ಫ್ಯಾನು... ನಿಲ್ಲಿಸುವುದು ಹೇಗೆಂದೇ ತಿಳಿಯಲಿಲ್ಲ. ಚಿಕ್ಕಮ್ಮ ಪಕ್ಕದಲ್ಲಿ ನಿಂತು ತಲೆ ಆಡಿಸುತ್ತಿದ್ದಳು.

ಮೇಡಂ ನಗುತ್ತಾ ಮರಳಿನಲ್ಲೇ ಕೂತುಬಿಟ್ಟರು. "ನಾಲ್ಕು ವರ್ಷದ ಹಿಂದೆ ನಿಮ್ಮಂಗಡಿ ಟೆಂಟಿನ ಹಿಂದೆ ನಾನೂ ಹೀಗೇ ಓಡಿದ್ದೆ! ವಾಪಸು ಕಳಿಸಿದ್ರೆ, ನನಗೇ ಕಟ್ಟೋಕೆ ಬರಲ್ಲ ಅಂದ್ರು ನಿಮ್ಮ ಮಾಲೀಕರು."

ಹನ್ನೆರಡೂ ಬೇಕಂತೆ, ಚೀಲ ಸಮೇತ. ಒಂದೇ ಷರತ್ತು— ಇನ್ನು ಮೇಲೆ ಪರೀಕ್ಷೆ ಬಯಲಿನಲ್ಲಿ, ಗೂಟ ಹೊಡೆದು. ಮಾಲೀಕರು ಒಪ್ಪದಿದ್ದರೆ ಆರ್ಡರ್ ಇಲ್ಲ.

"ನೀನೇ ಹೇಳ್ಬೇಕು. ನಾನು ಹೇಳಿದ್ರೆ ಮತ್ತೆ ಗಿರಾಕಿಗೆ ಬುದ್ಧಿ ಇಲ್ಲ ಅಂತಾರೆ."

ಫೆಬ್ರವರಿ 12, ಬುಧವಾರ. ಒಂಬತ್ತೂ ಹತ್ತು

ಅಂಗಡಿ. ಮಾಲೀಕರು ಇನ್ನೂ ಬಂದಿಲ್ಲ. ಚಿಕ್ಕಮ್ಮನ ಗಂಟಲು ಬಸ್ಸಿನಲ್ಲೇ ಸರಿಹೋಯಿತು. ಲಂಗದ ವಿಷಯ ಇಡೀ ಬಸ್ಸಿಗೆ ಗೊತ್ತು.

"ಬಿಡು, ನಾನೇ ಹೇಳ್ತೀನಿ ಅವರಿಗೆ," ಅಂದಳು.

"ಬೇಡ ಚಿಕ್ಕಮ್ಮ. ನಾನೇ ಹೇಳ್ತೀನಿ."

ಮತ್ತೆ ಗಂಟಲು ಹೋದವಳ ಹಾಗೆ ನೋಡುತ್ತಿದ್ದಾಳೆ.

ಕಪಾಟಿನ ಟೆಂಟುಗಳನ್ನೆಲ್ಲ ಇಳಿಸಿ, ಚೀಟಿ ಕಾಣುವಂತೆ ಕಟಿಂಗ್ ಟೇಬಲ್ ಮೇಲೆ ಸಾಲಾಗಿ ಇಟ್ಟಿದ್ದೇನೆ. ಮೊದಲ ವಾಕ್ಯ ಮಾತ್ರ ಬಾಯಿಪಾಠ ಮಾಡಿದ್ದೇನೆ. ಮುಂದಿನದು ಮೊನ್ನೆಯ ಹಾಗೆ ತಾನಾಗಿ ಬರಬೇಕು.

ಸ್ಕೂಟರ್ ನಿಂತಿತು. ಅವರೇ. ಮತ್ತೊಮ್ಮೆ ಬಾಯಿಪಾಠ: ಸಾರ್, ಆ ಗಿರಾಕಿಗಳಿಗೆಲ್ಲ ಕಟ್ಟೋಕೆ ಬರ್ತಿತ್ತು, ಪರೀಕ್ಷೆ ಮಾಡೋಕೆ ಬರದಿದ್ದದ್ದು ನಮಗೇ—